ಕಾಣೆಯಾದ ಕುರುಕ್ಷೇತ್ರ

ನಮ್ಮೂರು ಕ್ಯಾತನಹಳ್ಳಿಯಲ್ಲಿ ನಾಟಕ ಎಂದರೆ ಕುರುಕ್ಷೇತ್ರ. ಬೇರೆ ನಾಟಕ ಆಡಿಲ್ಲವೆಂದಲ್ಲ, ಆದರೆ ಜನ ಚಾಪೆ, ಕಂಬಳಿ ಸಮೇತ ಬಂದು ಬೆಳಗಿನ ತನಕ ಕೂರುವುದು ಅದಕ್ಕೇ. ರಾತ್ರಿ ಒಂಬತ್ತಕ್ಕೆ ಗಣಪತಿ ಸ್ತುತಿ ಶುರುವಾದರೆ ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಪಕ್ಕದ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಸದ್ದು ಕೇಳಿಸುತ್ತದೆ. ನಮ್ಮ ಕಡೆ ಪಾರ್ಟು ಮಾಡುವವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಮಾಡುವವರೇ ದುಡ್ಡು ಕಟ್ಟುತ್ತಾರೆ. ಕೃಷ್ಣನಿಗೆ ಹೆಚ್ಚು, ದುರ್ಯೋಧನನಿಗೆ ಹೆಚ್ಚು, ವಿದುರನಿಗೆ ಕಡಿಮೆ. ತಿಂಗಳುಗಟ್ಟಲೆ ಸಂಜೆ ಗದ್ದೆಯಿಂದ ಬಂದು, ಕೈಕಾಲು ತೊಳೆದು, ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದ, ವೃತ್ತಗಳನ್ನು ಬಾಯಿಪಾಠ ಮಾಡುತ್ತಾರೆ. ಓದು ಬಾರದವರಿಗೆ ಮನೆಯ ಮಕ್ಕಳು ಓದಿ ಹೇಳುತ್ತಾರೆ. ಅಷ್ಟೆಲ್ಲ ಆಗಿ ಆಡುವುದು ಒಂದೇ ರಾತ್ರಿ.

ಆ ಒಂದು ರಾತ್ರಿಯನ್ನು ನಾವು ವಿಡಿಯೊ ಮಾಡಿಸಿದ್ದೆವು. ಎರಡು ಕ್ಯಾಮೆರಾ, ಆರು ಗಂಟೆಗೂ ಮಿಕ್ಕ ನಾಟಕ. ದೊಡ್ಡದೊಂದು ವಿಡಿಯೊ ತಾಣಕ್ಕೆ ಏರಿಸಿ, ಕೊಂಡಿಯನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದಾಯಿತು. ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋದ ಹೆಣ್ಣುಮಕ್ಕಳು, ಮೈಸೂರಿನಲ್ಲಿ ಆಟೊ ಓಡಿಸುವ ಹುಡುಗರು, ದುರ್ಯೋಧನನ ಪಾರ್ಟಿನವರು ನಾಗಮಂಗಲದ ಕಡೆ ಕೊಟ್ಟ ಮಗಳು ಎಲ್ಲರೂ ನೋಡಿದರು. ಇನ್ನೇನು, ಇಂಟರ್ನೆಟ್ಟಿನಲ್ಲಿ ಇದ್ದೇ ಇದೆಯಲ್ಲ ಎಂದು ಕ್ಯಾಮೆರಾದವರು ಕಾರ್ಡು ಅಳಿಸಿ ಮುಂದಿನ ಮದುವೆಗೆ ಹೋದರು. ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಆ ಕೊಂಡಿ ಒತ್ತಿದರೆ ಬೂದು ಬಣ್ಣದ ಪರದೆ, ಇಂಗ್ಲಿಷಿನಲ್ಲಿ ಎರಡು ಸಾಲು. ಸೀನು ಬದಲಾಗುವಾಗ ಕೀಬೋರ್ಡಿನವರು ನುಡಿಸಿದ್ದ ಯಾವುದೋ ಹಳೆಯ ಸಿನಿಮಾ ಹಾಡಿನ ಧಾಟಿಯ ಮೇಲೆ ಯಾರೋ ಹಕ್ಕು ಹೇಳಿದ್ದರು. ಅರ್ಧ ನಿಮಿಷದ ಧಾಟಿಗೆ ಆರು ಗಂಟೆಯ ಕುರುಕ್ಷೇತ್ರ ಹೋಯಿತು.

ದುರ್ಯೋಧನನ ಪಾರ್ಟು ಮಾಡಿದ್ದ ಮಾವ ಅರಳಿಕಟ್ಟೆ ಹತ್ತಿರ ಸಿಕ್ಕಿ ಕೇಳಿದರು:

“ಏನ್ ಕಣಪ್ಪಾ, ನಮ್ ನಾಟ್ಕ ಎಲ್ಲೋಯ್ತು?”

“ತೆಗ್ದಾಕವ್ರೆ ಮಾವ.”

“ಯಾರು?”

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಂಪನಿಯ ಹೆಸರು ಹೇಳಬಹುದಿತ್ತು. ಆದರೆ ಅವರು ಕೇಳಿದ್ದು ಮನುಷ್ಯನನ್ನು. ಹೋಗಿ ಮಾತಾಡಬಹುದಾದ, ಬೇಕಾದರೆ ಜಗಳ ಆಡಬಹುದಾದ ಮನುಷ್ಯ. ನಾನು ಮನವಿಯ ಫಾರಂ ತುಂಬಿದೆ. ಯಂತ್ರದಿಂದ ಉತ್ತರ ಬಂತು, ಮತ್ತೆ ತುಂಬಿದೆ, ಮತ್ತೆ ಅದೇ ಉತ್ತರ. ಆವತ್ತಿನಿಂದ ಈ “ಯಾರು?” ನನ್ನ ತಲೆಯಿಂದ ಹೋಗಿಲ್ಲ.

ಹಾಡಿನ ಹಕ್ಕಿನ ವಿಷಯದಲ್ಲಿ ನಾವು ಒಬ್ಬಂಟಿಗಳೇನಲ್ಲ. 2022ರ ಅಕ್ಟೋಬರಿನಲ್ಲಿ ಭಾರತ್ ಜೋಡೊ ಯಾತ್ರೆ ನಮ್ಮ ಪಾಂಡವಪುರ ತಾಲ್ಲೂಕಿನಲ್ಲೇ ಹಾದುಹೋಯಿತು; ಜಕ್ಕನಹಳ್ಳಿಯಲ್ಲಿ ಸೋನಿಯಾ ಗಾಂಧಿ ಬಂದು ಸೇರಿಕೊಂಡಿದ್ದನ್ನು ನೋಡಲು ನಮ್ಮೂರಿನಿಂದಲೂ ಜನ ಹೋಗಿದ್ದರು. ಮುಂದಿನ ತಿಂಗಳು ಅದೇ ಯಾತ್ರೆಯ ವಿಡಿಯೊದಲ್ಲಿ ಕೆಜಿಎಫ್-2 ಚಿತ್ರದ ಸಂಗೀತ ಬಳಸಿದ್ದಾರೆಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಕೋರ್ಟಿಗೆ ಹೋಯಿತು. ನವೆಂಬರ್ 7ರಂದು ಕೆಳಗಿನ ಕೋರ್ಟು ಕಾಂಗ್ರೆಸ್ಸಿನ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಯಿರಿ ಎಂದಿತು. ಹಾಡು ಇದ್ದ ತುಣುಕುಗಳನ್ನು ತೆಗೆಸುವುದು ಬೇರೆ, ಇಡೀ ಖಾತೆಯ ಬಾಯಿ ಕಟ್ಟುವುದು ಬೇರೆ. ಮರುದಿನವೇ ಹೈಕೋರ್ಟು ಆ ಆದೇಶ ಬದಿಗಿಟ್ಟಿತು. ತುಣುಕುಗಳನ್ನು ತೆಗೆದರೆ ಸಾಕು ಎಂದಿತು. ಅವರಿಗೆ ದೊಡ್ಡ ವಕೀಲರಿದ್ದರು, ಒಂದೇ ದಿನದಲ್ಲಿ ನ್ಯಾಯ ಸಿಕ್ಕಿತು. ನಮ್ಮ ದುರ್ಯೋಧನನಿಗೆ ಯಾರಿದ್ದಾರೆ?

ವಿಡಿಯೊ ಎಂದರೆ ನಮ್ಮೂರಿನಲ್ಲಿ ಇನ್ನೊಬ್ಬರ ನೆನಪು ಬರದೆ ಇರುವುದಿಲ್ಲ. ಕೆ. ಎಸ್. ಪುಟ್ಟಣ್ಣಯ್ಯ ನಮ್ಮೂರಿನವರು. ರೈತಸಂಘದ ನಾಯಕರು, 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆ ಕ್ಷೇತ್ರದಿಂದ ಶಾಸಕರು. 2018ರ ಫೆಬ್ರವರಿ 18ರಂದು ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತ ಇದ್ದವರು ಎದೆನೋವು ಬಂದು ಹೊರಟೇಹೋದರು. ಅವರ ಭಾಷಣ ಕೇಳಿದವರಿಗೆ ಗೊತ್ತು: ಬ್ಯಾಂಕಿನ ಬಡ್ಡಿ, ಕಬ್ಬಿನ ಬಾಕಿ, ಮದುವೆಯ ಖರ್ಚು, ಹೆಂಗಸರ ದುಡಿಮೆ ಎಲ್ಲವನ್ನೂ ಮನೆ ಜಗುಲಿಯ ಮಾತಿನಲ್ಲಿ ಹೇಳಿ, ನಗಿಸಿ, ನಗುತ್ತಿದ್ದವರು ತಟ್ಟನೆ ಸುಮ್ಮನಾಗುವಂತೆ ಮಾಡುತ್ತಿದ್ದರು. ಆ ಭಾಷಣಗಳು ಈಗಲೂ ಫೋನಿನಿಂದ ಫೋನಿಗೆ ಓಡಾಡುತ್ತವೆ. ಅವರನ್ನು ಕಣ್ಣಾರೆ ಕಂಡಿರದ ಹುಡುಗರು ಟ್ರ್ಯಾಕ್ಟರಿನ ಮೇಲೆ ಕೂತು ಕೇಳುವುದನ್ನು ನೋಡಿದ್ದೇನೆ. ಅವೆಲ್ಲ ಹೆಚ್ಚಾಗಿ ಇರುವುದು ಒಂದೆರಡು ಕಂಪನಿಗಳ ಉಗ್ರಾಣದಲ್ಲಿ. ಆ ಉಗ್ರಾಣದ ಬೀಗದ ಕೈ ಕ್ಯಾತನಹಳ್ಳಿಯಲ್ಲಿಲ್ಲ, ಮಂಡ್ಯದಲ್ಲಿಲ್ಲ, ಕರ್ನಾಟಕದಲ್ಲೂ ಇಲ್ಲ.

ರೈತರ ಮಾತಿಗೆ ಬೀಗ ಬಿದ್ದದ್ದು ಊಹೆಯ ಮಾತಲ್ಲ. ದೆಹಲಿಯ ಗಡಿಯಲ್ಲಿ ಪಂಜಾಬಿನ ರೈತರು ಕೂತಿದ್ದಾಗ ಕನ್ವರ್ ಗ್ರೇವಾಲ್ ಹಾಡಿದ್ದ ‘ಐಲಾನ್’ ಎಂಬ ಹಾಡು ಲಕ್ಷಾಂತರ ಜನರ ಬಾಯಲ್ಲಿತ್ತು. 2021ರ ಫೆಬ್ರವರಿಯಲ್ಲಿ ಸರ್ಕಾರದ ಕೋರಿಕೆಯ ಮೇಲೆ ಯೂಟ್ಯೂಬ್ ಅದನ್ನು ಭಾರತದಲ್ಲಿ ತೆಗೆಯಿತು. ಹಿಮ್ಮತ್ ಸಂಧು ಅವರ ಇನ್ನೊಂದು ಹಾಡೂ ಹೋಯಿತು. ಅದೇ ತಿಂಗಳ ಮೊದಲ ದಿನ ಕಿಸಾನ್ ಏಕ್ತಾ ಮೋರ್ಚಾದ ಟ್ವಿಟರ್ ಖಾತೆಯನ್ನು ದೇಶದೊಳಗೆ ಕಾಣದಂತೆ ಮಾಡಿದ್ದರು. ಗಂಟಲಿನಿಂದ ಬಂದ ಹಾಡು ಗಂಟಲಿನಲ್ಲಿ ಉಳಿಯಿತು, ಜನ ತಮ್ಮ ತಮ್ಮ ಫೋನಿನಲ್ಲಿದ್ದ ಪ್ರತಿಗಳನ್ನು ಮತ್ತೆ ಮತ್ತೆ ಏರಿಸಿದರು. ಪ್ರತಿ ಇದ್ದವರು ಏರಿಸಿದರು. ಇಲ್ಲದಿದ್ದರೆ?

ಇಲ್ಲಿ ಮಾವನ “ಯಾರು?” ಇನ್ನಷ್ಟು ಕಷ್ಟದ ಪ್ರಶ್ನೆಯಾಗುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ಪ್ರಕಾರ ಕೇಂದ್ರ ಸರ್ಕಾರ ತಡೆ ಆದೇಶ ಹೊರಡಿಸಬಹುದು. ಅದರ ನಿಯಮಗಳು 2009ರವು. ಅವುಗಳಲ್ಲಿ 16ನೆಯ ನಿಯಮ ದೂರನ್ನೂ ಆದೇಶವನ್ನೂ ಗುಟ್ಟಾಗಿಡಬೇಕೆನ್ನುತ್ತದೆ. ಶ್ರೇಯಾ ಸಿಂಘಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ 69ಎಯನ್ನು ಉಳಿಸಿತು. ಕಾರಣಗಳನ್ನು ಬರೆದಿಡಬೇಕು, ಅವನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂಬ ಧೈರ್ಯದ ಮೇಲೆ. ಆದರೆ ಆದೇಶವೇ ಕೈಗೆ ಸಿಗದವನು ಯಾವುದನ್ನು ಪ್ರಶ್ನಿಸುತ್ತಾನೆ? ನಮ್ಮ ಹೈಕೋರ್ಟಿನಲ್ಲೇ ಈ ಜಗಳ ಎರಡು ಸಲ ನಡೆಯಿತು. ತಡೆ ಆದೇಶಗಳ ವಿರುದ್ಧ ಟ್ವಿಟರ್ ಹಾಕಿದ್ದ ಅರ್ಜಿಯನ್ನು 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದರು. ಆಮೇಲೆ ‘ಸಹಯೋಗ್’ ಎಂಬ ಪೋರ್ಟಲ್ ಬಂತು. ಅದರ ಮೂಲಕ ಬೇರೆ ಬೇರೆ ಇಲಾಖೆಗಳ, ಪೊಲೀಸರ ತೆಗೆಯಿರಿ ಎಂಬ ಸೂಚನೆಗಳು ನೇರವಾಗಿ ಕಂಪನಿಗಳಿಗೆ ಹೋಗುತ್ತವೆ. ಅದನ್ನು ಪ್ರಶ್ನಿಸಿದ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಅರ್ಜಿಯನ್ನೂ 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ತಳ್ಳಿಹಾಕಿದರು. ತೀರ್ಪನ್ನು ನಾನು ಗೌರವದಿಂದಲೇ ಓದಿದ್ದೇನೆ. ಆದರೂ ನನ್ನ ಸಂಕಟ ಹೋಗಿಲ್ಲ. ಎರಡೂ ಸಲ ಕೋರ್ಟಿಗೆ ಹೋದದ್ದು ಕಂಪನಿ. ಮಾತಾಡಿದವನು ಎಲ್ಲಿ?

ನ್ಯಾಯಮೂರ್ತಿ ನಾಗಪ್ರಸನ್ನ ಅವರದೇ ಇನ್ನೊಂದು ಆದೇಶವನ್ನು ನೆನೆಯಬೇಕು. 2025ರ ಜುಲೈನಲ್ಲಿ ಧರ್ಮಸ್ಥಳದಲ್ಲಿ ಹೆಣಗಳನ್ನು ಗುಟ್ಟಾಗಿ ಹೂಳಲಾಗಿತ್ತೆಂದು ಒಬ್ಬ ಕೊಟ್ಟ ದೂರು ನಾಡೆಲ್ಲ ಸುದ್ದಿಯಾಗಿದ್ದಾಗ, ಧರ್ಮಾಧಿಕಾರಿಗಳ ಸೋದರರು ಹಾಕಿದ ದಾವೆಯಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟು ಎದುರು ಪಕ್ಷದವರ ಮಾತು ಕೇಳುವ ಮುಂಚೆಯೇ ತಾತ್ಕಾಲಿಕ ಆದೇಶ ಕೊಟ್ಟಿತು. ತೆಗೆಯಬೇಕಾದ ಕೊಂಡಿಗಳು 8,842. ಅವುಗಳಲ್ಲಿ ಯೂಟ್ಯೂಬಿನ ವಿಡಿಯೊಗಳೇ 4,140, ಇನ್‌ಸ್ಟಾಗ್ರಾಂನವು 3,584. ಒಂದು ಆದೇಶ, ಎಂಟು ಸಾವಿರದ ಎಂಟುನೂರ ನಲವತ್ತೆರಡು ಬಾಯಿ. ಕುಡ್ಲ ರ‍್ಯಾಂಪೇಜ್ ಎಂಬ ಮಂಗಳೂರಿನ ಯೂಟ್ಯೂಬ್ ಚಾನೆಲ್ಲು ಹೈಕೋರ್ಟಿಗೆ ಹೋಯಿತು, ಆಗಸ್ಟ್ 1ರಂದು ಅದರ ಮಟ್ಟಿಗೆ ಆದೇಶ ರದ್ದಾಯಿತು, ಮತ್ತೆ ವಿಚಾರಣೆ ಮಾಡಿ ಎಂದು ಕೆಳಗಿನ ಕೋರ್ಟಿಗೆ ವಾಪಸು ಹೋಯಿತು. ಆ ಎಂಟು ಸಾವಿರದಲ್ಲಿ ಸುಳ್ಳು ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆಗಸ್ಟ್ 23ರಂದು ವಿಶೇಷ ತನಿಖಾ ತಂಡ (ಎಸ್‌ಐಟಿ) ಆ ದೂರುದಾರನನ್ನೇ ಬಂಧಿಸಿತು. ಸುಳ್ಳಿನಿಂದ ಹೆಸರು ಹಾಳಾದವರ ನೋವು ನಿಜವಾದ ನೋವು. ಸುಳ್ಳು ಯಾವುದು, ನಿಜ ಯಾವುದು ಎಂದು ಒಂದೊಂದಾಗಿ ನೋಡಿ ತೆಗೆಸಿದರೆ ನನ್ನ ತಕರಾರಿಲ್ಲ. ಮೂಟೆ ಕಟ್ಟಿ ಎಸೆಯುವುದಕ್ಕೆ ತಕರಾರಿದೆ. ಮೂಟೆ ಕಟ್ಟುವುದು ಅಷ್ಟು ಸುಲಭವಾದದ್ದು ಯಾಕೆಂದರೆ ಎಲ್ಲ ಸರಕೂ ಎರಡು ಮೂರು ಅಂಗಡಿಗಳಲ್ಲೇ ಇತ್ತು.

ಹಿಂದೆ ನಮ್ಮ ಮೈಸೂರು ಸೀಮೆಯವರು ಇಂಥ ಕಾಲದಲ್ಲಿ ಏನು ಮಾಡಿದರು ಎಂದು ನೋಡಿದರೆ ಮನಸ್ಸಿಗೆ ಸ್ವಲ್ಪ ಬಲ ಬರುತ್ತದೆ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಮೇಲೆ ಹಿಡಿತದ ಕಾನೂನು ತಂದಾಗ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರು, ಇಂಥ ಕಾನೂನಿನ ಕೆಳಗೆ ಬರೆಯಲಾರೆನೆಂದು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಅದು ಒಂದು ದಾರಿ. 1947ರ ಮೈಸೂರು ಚಲೋ ಚಳವಳಿಯ ಕಾಲಕ್ಕೆ ಎಚ್. ಎಸ್. ದೊರೆಸ್ವಾಮಿಯವರು ಹಿಡಿದದ್ದು ಇನ್ನೊಂದು ದಾರಿ. ಅಚ್ಚು ಮಾಡುವ ಮುಂಚೆ ನಮಗೆ ತೋರಿಸಿ ಎಂದು ಸರ್ಕಾರ ಹೇಳಿದಾಗ ತಮ್ಮ ‘ಪೌರವಾಣಿ’ ಪತ್ರಿಕೆಯನ್ನು ಗಡಿ ದಾಟಿಸಿ ಹಿಂದೂಪುರಕ್ಕೆ ಒಯ್ದರು. ಹಿಂದೂಪುರ ಆಗ ಮದ್ರಾಸ್ ಪ್ರಾಂತ್ಯ. ಮೈಸೂರು ದಿವಾನರ ಕೈ ಅಲ್ಲಿಗೆ ಚಾಚುತ್ತಿರಲಿಲ್ಲ. ನೂರ ಮೂರು ವರ್ಷ ಬದುಕಿದ ಆ ಹಿರಿಯರು ಕಂಪ್ಯೂಟರಿನ ಮಾತೇ ಇಲ್ಲದ ಕಾಲದಲ್ಲಿ ಕಂಡುಕೊಂಡದ್ದನ್ನೇ ಇವತ್ತಿನ ತಂತ್ರಜ್ಞರು ಬೇರೆ ಹೆಸರಿನಲ್ಲಿ ಹೇಳುತ್ತಾರೆ: ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆದಿರಲಿ.

ಬಾನುಲಿಯಲ್ಲೂ ಹೀಗೆ ದಾರಿ ಹುಡುಕಿದವರಿದ್ದಾರೆ: ಆಕಾಶವಾಣಿ ಎಂಬ ಹೆಸರು ಅದಕ್ಕೆ ಬಂದದ್ದು ಒಬ್ಬರ ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಪುಟ್ಟ ಪ್ರೇಷಕ ಇಟ್ಟು ಬಾನುಲಿ ಶುರುಮಾಡಿದರು. ಆಮೇಲೆ ಅದು ಸರ್ಕಾರದ ಕೈಗೆ ಹೋಯಿತು, ದೇಶದ ಹೆಸರಾಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಶುರುವಾದಾಗ ಹಳ್ಳಿಯವರಿಗೆ ಗಾಳಿಯಲ್ಲಿ ಬಿತ್ತರಿಸಲು ಪರವಾನಗಿ ಸಿಗುತ್ತಿರಲಿಲ್ಲ. ಅವರು ಗಾಳಿ ಬಿಟ್ಟು ತಂತಿ ಹಿಡಿದರು. ಕೇಬಲ್ ಎಳೆದು ಮನೆಮನೆಗೆ ತಮ್ಮ ಮಾತು ಮುಟ್ಟಿಸಿದರು. ಸಮುದಾಯ ರೇಡಿಯೊಗೆ ಸರ್ಕಾರ ದಾರಿ ಬಿಟ್ಟದ್ದು 2006ರಲ್ಲಿ. ಬೂದಿಕೋಟೆಯ ಹೆಂಗಸರು ಅಷ್ಟರಲ್ಲಾಗಲೇ ಮೈಕು ಹಿಡಿದು ಪಳಗಿದ್ದರು.

ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಏನಾಗುತ್ತದೆಂದು ಹೇಳಲು ಈಗ ನಮ್ಮ ಕಬ್ಬಿಗೆ ಬರುತ್ತೇನೆ. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಬೆಳೆಯುವ ಕಬ್ಬಿಗೆ ನಮ್ಮಲ್ಲಿ ಎರಡು ದಾರಿ: ಒಂದು ಕಾರ್ಖಾನೆ, ಇನ್ನೊಂದು ಆಲೆಮನೆ. ಕಾರ್ಖಾನೆ ದೊಡ್ಡದು, ಒಂದೇ ದಿನಕ್ಕೆ ಸಾವಿರಾರು ಟನ್ ಅರೆಯುತ್ತದೆ, ಅದು ನಡೆಯುವಷ್ಟು ದಿನ ರೈತನಿಗೆ ಚಿಂತೆ ಕಡಿಮೆ. ಪಾಂಡವಪುರದ ಸಹಕಾರ ಸಕ್ಕರೆ ಕಾರ್ಖಾನೆ ಕೆಲವು ವರ್ಷ ನಿಂತೇಹೋಗಿತ್ತು, 2020ರಲ್ಲಿ 40 ವರ್ಷದ ಗುತ್ತಿಗೆಗೆ ಹೋಯಿತು. ಅದು ನಿಂತ ವರ್ಷಗಳಲ್ಲಿ ಹೊಲದಲ್ಲಿ ಒಣಗುತ್ತಿದ್ದ ಕಬ್ಬನ್ನು ಸ್ವಲ್ಪವಾದರೂ ಉಳಿಸಿದ್ದು ಊರೂರಿನ ಆಲೆಮನೆಗಳು. ಒಂದು ಗಾಣ, ಒಂದು ಕೊಪ್ಪರಿಗೆ, ಒಲೆಗೆ ಕಬ್ಬಿನ ಸಿಪ್ಪೆ. ಒಬ್ಬನ ಗಾಣ ಕೆಟ್ಟರೆ ಪಕ್ಕದ ಊರಿನ ಗಾಣಕ್ಕೆ ಗಾಡಿ ತಿರುಗುತ್ತದೆ. ಬೆಲ್ಲವೂ ಒಂದೇ ಥರದ್ದಲ್ಲ: ಅಚ್ಚು, ಬಕೆಟ್, ಕುರಿಕಾಲಚ್ಚು. ಯಾವ ಆಲೆಮನೆಯ ಬೆಲ್ಲ ಎಂಬುದು ಮಂಡ್ಯದ ಮಾರುಕಟ್ಟೆಯಲ್ಲಿ ಬಣ್ಣ ನೋಡಿ ಹೇಳುವವರಿದ್ದಾರೆ.

ಆಲೆಮನೆಯನ್ನು ಹೊಗಳಿ ಸುಮ್ಮನಾದರೆ ಸುಳ್ಳಾಗುತ್ತದೆ. ಬೆಲ್ಲಕ್ಕೆ ಸಕ್ಕರೆ ಬೆರೆಸುವವರಿದ್ದಾರೆ, ಬಣ್ಣ ಬರಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಸುರಿಯುವವರಿದ್ದಾರೆ. ಚಿಕ್ಕದೆಲ್ಲ ಶುದ್ಧ ಎಂಬುದು ಮೋಸದ ಮಾತು. ಆದರೆ ಬೆಲ್ಲ ಕೆಟ್ಟರೆ ಯಾರ ಹತ್ತಿರ ಹೋಗಿ ಕೇಳಬೇಕೆಂದು ಗೊತ್ತಿರುತ್ತದೆ. ಮಾವನ “ಯಾರು?” ಎಂಬ ಪ್ರಶ್ನೆಗೆ ಆಲೆಮನೆಯಲ್ಲಿ ಉತ್ತರ ಇದೆ.

ವಿಡಿಯೊಗೂ ಇಂಥ ಆಲೆಮನೆ ಇದೆ ಎಂದು ನನಗೆ ಮೊದಲು ಹೇಳಿದ್ದು ಮೈಸೂರಿನಲ್ಲಿ ಓದುವ ನಮ್ಮ ಅಣ್ಣನ ಮಗಳು. ಅದರ ಹೆಸರು ಪೀರ್‌ಟ್ಯೂಬ್. ಫ್ರಾನ್ಸಿನ ಫ್ರಾಮಾಸಾಫ್ಟ್ ಎಂಬ ಲಾಭದಾಸೆಯಿಲ್ಲದ ಸಂಘ ಬೆಳೆಸಿದ ತಂತ್ರಾಂಶ; ಮೊದಲ ಪೂರ್ಣ ಆವೃತ್ತಿ ಬಂದದ್ದು 2018ರ ಅಕ್ಟೋಬರಿನಲ್ಲಿ. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಇಳಿಸಿಕೊಂಡು ತಮ್ಮದೇ ಸರ್ವರಿನಲ್ಲಿ ವಿಡಿಯೊ ತಾಣ ನಡೆಸಬಹುದು. ಒಂದು ಊರಿನ ತಾಣ ಇನ್ನೊಂದು ಊರಿನ ತಾಣವನ್ನು ಹಿಂಬಾಲಿಸಬಹುದು. ಆಗ ಅಲ್ಲಿನ ವಿಡಿಯೊ ಇಲ್ಲಿಯೂ ಕಾಣುತ್ತದೆ. ಒಂದೇ ವಿಡಿಯೊವನ್ನು ಹತ್ತು ಜನ ಒಟ್ಟಿಗೆ ನೋಡುತ್ತಿದ್ದರೆ ನೋಡುವವರ ಕಂಪ್ಯೂಟರುಗಳೇ ತುಣುಕುಗಳನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತವೆ, ನಾಟಿ ಗದ್ದೆಯಲ್ಲಿ ಪೈರಿನ ಕಟ್ಟು ಕೈಯಿಂದ ಕೈಗೆ ಹೋಗುವ ಹಾಗೆ. ಹಾಗಾಗಿ ಚಿಕ್ಕ ಸರ್ವರಿನ ಮೇಲೆ ಭಾರ ಕಡಿಮೆ. ಆ ತಾಣಗಳು ಒಂದರೊಡನೊಂದು ಆಡುವ ಭಾಷೆ ಆಕ್ಟಿವಿಟಿಪಬ್. ಟ್ವಿಟರಿನಂಥದೇ ಜಾಲವಾದ ಮಸ್ಟೊಡಾನ್ ಆಡುವುದೂ ಅದನ್ನೇ. 2019ರಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆಯನ್ನು ಅಮಾನತು ಮಾಡಿದಾಗ ನಮ್ಮ ದೇಶದ ಎಷ್ಟೋ ಜನ ಮಸ್ಟೊಡಾನಿಗೆ ಗುಳೆ ಹೋದದ್ದು ಓದುಗರಿಗೆ ನೆನಪಿರಬಹುದು.

ಹೊಟ್ಟೆಪಾಡಿನ ಜನವೂ ಈ ದಾರಿ ತುಳಿದಿದ್ದಾರೆ. ಅನಿಮೇಷನ್ ಕಲಿಯುವ ಮಕ್ಕಳಿಗೆ ಬ್ಲೆಂಡರ್ ಗೊತ್ತು. ಪುಕ್ಕಟೆ ಸಿಗುವ ತಂತ್ರಾಂಶ. 2018ರ ಜೂನಿನಲ್ಲಿ ಜಾಹೀರಾತಿನ ಕರಾರಿನ ವಿಷಯದಲ್ಲಿ ತಕರಾರು ಬಂದು ಬ್ಲೆಂಡರ್ ಸಂಸ್ಥೆಯ ಪಾಠದ ವಿಡಿಯೊಗಳೆಲ್ಲ ಯೂಟ್ಯೂಬಿನಲ್ಲಿ ಕಾಣದಾದವು. ಅವರು ಆ ದಿನಗಳಲ್ಲೇ ತಮ್ಮದೊಂದು ಪೀರ್‌ಟ್ಯೂಬ್ ತೆರೆದರು. ವಿಡಿಯೊಗಳು ಯೂಟ್ಯೂಬಿಗೆ ವಾಪಸು ಬಂದವು, ಆದರೂ ಸ್ವಂತ ಮನೆಯ ಯೋಚನೆ ಹಾಗೇ ಉಳಿಯಿತು. ಯೂಟ್ಯೂಬನ್ನು ಬಿಟ್ಟುಬಿಡಿ ಎಂದು ನಾನೂ ಹೇಳುವುದಿಲ್ಲ. ಸಂತೆಗೆ ಹೋಗಬೇಕು, ಜನ ಇರುವುದು ಅಲ್ಲಿಯೇ. ಬಿತ್ತನೆ ಬೀಜ ಮಾತ್ರ ಮನೆಯ ಅಟ್ಟದ ಮೇಲೆ ಇರಬೇಕು.

ನಮ್ಮ ರಾಜ್ಯದಲ್ಲೂ ಪ್ರಯೋಗಗಳಿವೆ. ತುಮಕೂರಿನ ದೇವರಾಯನದುರ್ಗದ ಸುತ್ತ ಜನಸ್ತು ಎಂಬ ಸಂಸ್ಥೆಯವರು ಹಳ್ಳಿಯೊಳಗೇ ವೈಫೈ ಜಾಲ ಹೆಣೆದು, ಊರವರ ಕಥೆ, ಮಾತುಕತೆಗಳನ್ನು ಅಂಗೈ ಅಗಲದ ಕಂಪ್ಯೂಟರಿನಲ್ಲಿ ಊರಲ್ಲೇ ಇಟ್ಟುಕೊಳ್ಳುವ ಕೆಲಸ ಮಾಡುತ್ತ ಬಂದಿದ್ದಾರೆ. ಇದನ್ನು ತಿಳಿದಾಗ ನನಗೆ ಆದ ಸಂತೋಷ ಹೇಳತೀರದು.

ಅಡ್ಡಿಗಳು ಸಣ್ಣವಲ್ಲ. ಪೀರ್‌ಟ್ಯೂಬಿನಲ್ಲಿ ಹಿಂಬಾಲಿಸಿದ ಮಾತ್ರಕ್ಕೆ ಪ್ರತಿ ಆಗುವುದಿಲ್ಲ. ಇನ್ನೊಂದು ತಾಣ ಬೇಕೆಂದೇ ಪ್ರತಿ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಮೂಲ ಸರ್ವರು ನಿಂತ ದಿನ ವಿಡಿಯೊವೂ ಹೋಗುತ್ತದೆ. ಸರ್ವರಿಗೆ ತಿಂಗಳ ಬಾಡಿಗೆ ಇದೆ, ನೋಡಿಕೊಳ್ಳಲು ಆಳು ಬೇಕು, ಜಾಹೀರಾತಿನ ದುಡ್ಡು ಬರುವುದಿಲ್ಲ. ಯೂಟ್ಯೂಬ್ ಅಲ್ಲದ ತಾಣವೆಂದು ಸರ್ಕಾರ ಬಿಡುವುದೂ ಇಲ್ಲ. 2014ರ ಡಿಸೆಂಬರಿನಲ್ಲಿ ಒಂದೇ ಆದೇಶದಲ್ಲಿ 32 ತಾಣಗಳನ್ನು ಮುಚ್ಚಿಸಿದಾಗ ವಿಮಿಯೊ, ಡೈಲಿಮೋಷನ್ ಜೊತೆಗೆ ಹಳೆಯ ಪುಸ್ತಕಗಳ ಭಂಡಾರವಾದ ಇಂಟರ್ನೆಟ್ ಆರ್ಕೈವ್ ಕೂಡ ಸೇರಿಹೋಗಿತ್ತು. ಇದೆಲ್ಲಕ್ಕಿಂತ ನನ್ನ ನಿದ್ದೆ ಕೆಡಿಸುವುದು ಇನ್ನೊಂದು: ಮಕ್ಕಳಿಗೆ ಹಿಂಸೆ ಕೊಡುವ ಚಿತ್ರ, ಒಂದು ಜಾತಿಯ ಮೇಲೆ ಇನ್ನೊಂದನ್ನು ಎತ್ತಿಕಟ್ಟುವ ಮಾತು ಇಂಥ ಕಡೆ ಬಂದು ಕೂತರೆ? ಆ ತಾಣ ನಡೆಸುವವನು ಅದನ್ನು ತೆಗೆಯಲೇಬೇಕು, ತೆಗೆಯದಿದ್ದರೆ ಕಾನೂನು ಅವನ ಬಾಗಿಲು ತಟ್ಟಬೇಕು, ಪಕ್ಕದ ತಾಣಗಳು ಅವನ ಸಂಬಂಧ ಕಡಿದುಕೊಳ್ಳಬೇಕು. ಪೀರ್‌ಟ್ಯೂಬಿನಲ್ಲಿ ಹಾಗೆ ಕಡಿದುಕೊಳ್ಳುವ ಸೌಕರ್ಯ ಇದೆ. ಊರಿನ ನಾಟಕಕ್ಕೆ ಆ ಊರಿನವರೇ ಜವಾಬ್ದಾರರು, ಊರ ಹೆಸರು ಬಾಗಿಲ ಮೇಲೆ ಬರೆದಿರುತ್ತದೆ.

ದುರ್ಯೋಧನನ ಪಾರ್ಟಿನ ಮಾವ ಹೋದ ವರ್ಷ ತೀರಿಕೊಂಡರು. ತಿಥಿಗೆ ಬಂದಿದ್ದ ಅವರ ಮಗಳು, ನಾಗಮಂಗಲದ ಕಡೆ ಕೊಟ್ಟವಳು, ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದಳು: “ಅಣ್ಣಯ್ಯ, ಅಪ್ಪುಂದು ಒಂಚೂರಾದ್ರೂ ಸಿಕ್ಕದಾ?”

ಆವತ್ತು ಸಂಜೆ ಊರಿನ ಗುಂಪಿಗೆ ಒಂದು ಮಾತು ಹಾಕಿದೆ: ನಾಟಕದ ರಾತ್ರಿ ಫೋನಿನಲ್ಲಿ ಹಿಡಿದದ್ದು ಏನಿದ್ದರೂ ಕಳಿಸಿ. ಮೊದಲು ಮೂರು ಬಂದವು, ಆಮೇಲೆ ಒಂದೊಂದಾಗಿ ಇಪ್ಪತ್ತಾರು. ಮೈಸೂರಿನ ಆಟೊದವನ ಹಳೆಯ ಫೋನಿನಲ್ಲಿ ದ್ರೌಪದಿಯ ಸೀರೆಯ ಸೀನು ಇತ್ತು. ಹಾರ್ಮೋನಿಯಂ ಮೇಷ್ಟ್ರು ತಮ್ಮ ಅಭ್ಯಾಸಕ್ಕೆಂದು ದನಿ ಮಾತ್ರ ಹಿಡಿದಿಟ್ಟಿದ್ದರು, ನಾಲ್ಕು ಗಂಟೆಯದು. ಗಾರ್ಮೆಂಟ್ಸಿನ ಹುಡುಗಿಯೊಬ್ಬಳ ಹತ್ತಿರ ಮಾವನ ಕಡೆಯ ಕಂದಪದ್ಯ ಇತ್ತು. ಮುಂದೆ ಕೂತವರ ತಲೆಗಳ ಸಂದಿಯಿಂದ ಹಿಡಿದದ್ದು, ನಡುವೆ ಯಾರದೋ ಮಗು ಅಳುತ್ತದೆ. ಅಣ್ಣನ ಮಗಳು ಎರಡು ಭಾನುವಾರ ಕೂತು ದನಿಗೆ ಚಿತ್ರ ಹೊಂದಿಸಿದಳು. ಚಿತ್ರ ಸಿಕ್ಕದ ಕಡೆ ಪರದೆ ಕಪ್ಪಾಗಿದ್ದು ಪದ್ಯ ಮಾತ್ರ ಕೇಳಿಸುತ್ತದೆ. ಈಗ ಅದರ ಒಂದು ಪ್ರತಿ ಮೇಷ್ಟ್ರ ಮನೆಯಲ್ಲಿದೆ, ಒಂದು ನನ್ನ ಬೀರುವಿನಲ್ಲಿ, ಒಂದು ಮೈಸೂರಿನಲ್ಲಿ, ಒಂದು ಅವಳು ಬಾಡಿಗೆಗೆ ಹಿಡಿದ ಸರ್ವರಿನಲ್ಲಿ. ನಾಲ್ಕನೆಯದಕ್ಕೆ ತಿಂಗಳಿಗೆ ಆಗುವ ಖರ್ಚನ್ನು ಮುಂದಿನ ಸಲ ಪಾರ್ಟಿನ ದುಡ್ಡಿನಲ್ಲೇ ಸೇರಿಸಿಕೊಳ್ಳೋಣವೆಂದು ಮೇಷ್ಟ್ರು ಹೇಳಿದ್ದಾರೆ. ಕೃಷ್ಣನ ಪಾರ್ಟಿನವರು ಒಪ್ಪಿದ್ದಾರೆ. ವಿದುರನ ಪಾರ್ಟಿನವರ ಹತ್ತಿರ ಇನ್ನೂ ಮಾತಾಡಬೇಕು.

ಐದನೆಯ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ನಾಳೆ ಬೆಳಿಗ್ಗೆ ನಾಗಮಂಗಲದ ಬಸ್ಸು ಹತ್ತುತ್ತೇನೆ.